ಗಿಲ್ಮನ್ ಬೀದಿಯ ಶನಿವಾರಗಳು

ಬೆತ್ತದ ಕುರ್ಚಿ ಹೆಣೆಯುವ ಅಂಗಡಿಯ ಪಕ್ಕದ ಬಾಗಿಲು ಎಂದು ಗುರುತು ಹೇಳಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಪಶ್ಚಿಮದ ಅಂಚು, ಗಿಲ್ಮನ್ ಬೀದಿಯೂ ಎಂಟನೇ ಬೀದಿಯೂ ಸೇರುವ ಮೂಲೆ. ಸುತ್ತ ಗೋದಾಮುಗಳು, ಗ್ಯಾರೇಜುಗಳು. ಇನ್ನೂ ಮುಂದೆ ನಡೆದರೆ ರೈಲು ಹಳಿ, ಹೆದ್ದಾರಿ, ಅದರಾಚೆ ಕುದುರೆ ರೇಸ್ ಕೋರ್ಸು, ಅದಕ್ಕೂ ಆಚೆ ಕೊಲ್ಲಿಯ ನೀರು. ಕತ್ತಲಾದ ಮೇಲೆ ಆ ಬೀದಿಯಲ್ಲಿ ನರಪಿಳ್ಳೆಯೂ ಕಾಣುತ್ತಿರಲಿಲ್ಲ. 924ನೇ ನಂಬರಿನ ಮುಂದೆ ಮಾತ್ರ ಐವತ್ತು ಅರವತ್ತು ಜನ ಫುಟ್‌ಪಾತಿನ ಮೇಲೆ ಕೂತಿದ್ದರು. ಹಸಿರು ಕೂದಲು, ಮೊಳೆ ಬಡಿದ ಬೆಲ್ಟು, ಜಾಕೆಟ್ಟಿನ ಬೆನ್ನಿಗೆ ಹೊಲಿದ ಬಟ್ಟೆ ತುಂಡುಗಳಲ್ಲಿ ಬ್ಯಾಂಡುಗಳ ಹೆಸರು. ಹತ್ತಿರ ಹೋದಾಗ ಕಂಡಿತು, ಆ ಹೊಲಿಗೆಯ ದಾರ ಹಲ್ಲಿನ ಸಂದಿ ತೆಗೆಯಲು ಬಳಸುವ ಫ್ಲಾಸ್. ಅದು ಬೇಗ ಕಿತ್ತು ಹೋಗುವುದಿಲ್ಲವಂತೆ.

1997ರ ಒಂದು ಶನಿವಾರ ಅದು. ಸಂಶೋಧನೆಗೆಂದು ಸಾಗರದಿಂದ ಅಲ್ಲಿಗೆ ಹೋಗಿ ಆಗ ವರ್ಷವಾಗಿತ್ತು. ವಾರದ ಕೊನೆಯೆಂದರೆ ನನಗೆ ಯೂನಿವರ್ಸಿಟಿ ಅವೆನ್ಯೂದ ಸೀರೆ ಅಂಗಡಿಗಳ ಸಾಲಿನಲ್ಲಿ ತೊಗರಿಬೇಳೆ, ಇಂಗು ಕೊಂಡು ಬರುವುದು, ಊರಿಗೆ ಫೋನು ಮಾಡುವುದು, ಅಷ್ಟೇ ಆಗಿತ್ತು. ನಮ್ಮ ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ತಂತ್ರಜ್ಞನಿದ್ದ. ಹತ್ತಿರದ ಊರಿನವನೇ, ಇಪ್ಪತ್ತೈದರ ಆಸುಪಾಸು, ಮಾತು ಕಡಿಮೆ. ಅವನು ಒಂದು ದಿನ, ‘ಒಂದು ಜಾಗ ತೋರಿಸುತ್ತೇನೆ, ಬರುತ್ತೀರಾ?’ ಅಂದ. ಅವನ ಹಿಂದೆ ಆ ಬಾಗಿಲಿಗೆ ಹೋಗಿ ನಿಂತೆ. ಒಳಗಿನ ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.

ಬಾಗಿಲ ಬಳಿ ಒಂದು ಮೇಜು. ಮೇಜಿನ ಹಿಂದೆ ಹದಿನಾರು ಹದಿನೇಳರ ಹುಡುಗಿ, ಮುಂದೆ ಚಿಲ್ಲರೆಯ ಡಬ್ಬಿ. ‘ಮೆಂಬರ್ ಕಾರ್ಡ್ ಇದೆಯಾ?’ ಎಂದು ಕೇಳಿದಳು. ಇಲ್ಲ ಅಂದೆ. ವರ್ಷಕ್ಕೆ ಎರಡು ಡಾಲರ್, ಇವತ್ತಿನ ಶೋಗೆ ಐದು, ಅಂದಳು. ಕಾರ್ಡ್ ಬರೆದಳು, ಕೊಡಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿ, ‘ಅದನ್ನು ಓದಿದಿರಾ?’ ಅಂದಳು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬಳಿದಿದ್ದರು: ಹೆಂಡವಿಲ್ಲ, ಮಾದಕ ವಸ್ತುವಿಲ್ಲ, ಹೊಡೆದಾಟವಿಲ್ಲ, ಬಣ್ಣ ಜನಾಂಗದ ದ್ವೇಷವಿಲ್ಲ, ಹೆಣ್ಣನ್ನು ಹೀಗಳೆಯುವುದಿಲ್ಲ, ಸಲಿಂಗಿಗಳನ್ನು ಹಂಗಿಸುವುದಿಲ್ಲ. ಓದಿದೆ ಎಂದಮೇಲೆ ಕಾರ್ಡು ಕೈಗೆ ಬಂತು. ಪಂಕ್ ಸಂಗೀತವೆಂದರೆ ಕುಡಿತ, ಪುಂಡಾಟ, ಒಡೆದ ಬಾಟಲಿ ಎಂದುಕೊಂಡಿದ್ದ ನನ್ನನ್ನು ಒಂದು ಹೈಸ್ಕೂಲು ಹುಡುಗಿ ನಿಲ್ಲಿಸಿ ನಿಯಮ ಓದಿಸಿದ್ದಳು. ಆ ಗಳಿಗೆಗೆ ನಾನು ಇವತ್ತಿಗೂ ಋಣಿ.

ಹೆಂಡವಿಲ್ಲ ಎನ್ನುವ ಒಂದು ಸಾಲಿನ ಮೇಲೆ ಆ ಇಡೀ ಜಾಗ ನಿಂತಿತ್ತು. ಅಮೆರಿಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಸಣ್ಣ ಬ್ಯಾಂಡುಗಳು ನುಡಿಸುವ ಕ್ಲಬ್ಬುಗಳೆಲ್ಲ ಬಹುಪಾಲು ಬಾರ್‌ಗಳು. ಟಿಕೆಟ್ಟಿನ ಹಣ ಬ್ಯಾಂಡಿಗೆ, ಬಿಯರಿನ ಹಣ ಮಾಲೀಕನಿಗೆ, ಆ ವ್ಯಾಪಾರ ನಡೆಯುವುದು ಹೀಗೆ. ಹಾಗಾಗಿ ಹದಿನೈದರ ಹುಡುಗ ಹುಡುಗಿಯರು ತಮ್ಮದೇ ವಯಸ್ಸಿನವರು ಕಟ್ಟಿದ ಬ್ಯಾಂಡನ್ನು ಕೇಳಲು ಬಾಗಿಲ ಹೊರಗೇ ನಿಲ್ಲಬೇಕು. ನುಡಿಸುವವರಿಗೂ ಅದೇ ಪಾಡು. ಹೆಂಡವನ್ನು ತೆಗೆದುಬಿಟ್ಟರೆ ಎಲ್ಲ ವಯಸ್ಸಿನವರೂ ಒಳಗೆ ಬರಬಹುದು. ಆದರೆ ಅದರ ಜೊತೆಗೆ ಕ್ಲಬ್ಬಿನ ಲಾಭವೂ ಹೋಗುತ್ತದೆ. ಲಾಭವಿಲ್ಲದ ಮೇಲೆ ಸಂಬಳ ಕೊಡುವುದು ಎಲ್ಲಿಂದ? ಬಾಗಿಲು ಕಾಯುವುದು, ಸೌಂಡ್ ನೋಡಿಕೊಳ್ಳುವುದು, ಕಸ ಗುಡಿಸುವುದು, ಎಲ್ಲವನ್ನೂ ಬಂದವರೇ ಮಾಡಬೇಕಾಯಿತು. ನಾನಿದ್ದ ದಿನಗಳಲ್ಲೇ ಎದುರು ಬದಿಗೆ ಒಂದು ದೊಡ್ಡ ಬಿಯರ್ ತಯಾರಿಕೆಯ ಘಟಕ, ಅದರದೇ ರೆಸ್ಟೋರೆಂಟ್ ಸಮೇತ ಬಾಗಿಲು ತೆರೆಯಿತು. ಬೀದಿಯ ಆ ಕಡೆ ಬೆಳಕು, ಕಾರುಗಳು. ಈ ಕಡೆ ಒಳಗೆ ಸೋಡಾ, ಚಾಕಲೇಟು ಮಾರುವ ಒಂದು ಸಣ್ಣ ಕಟ್ಟೆ.

ಕ್ಲಬ್ಬಿನ ಬಾಗಿಲು ತೆರೆದದ್ದು 1986ರ ಡಿಸೆಂಬರ್ 31ರ ರಾತ್ರಿ. ಅದಕ್ಕೂ ಮೊದಲು ಕೊಲ್ಲಿಯ ಆಚೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಮಬುಹೈ ಗಾರ್ಡನ್ಸ್ ಎಂಬ ಫಿಲಿಪಿನೊ ಹೋಟೆಲಿನಲ್ಲಿ ಪಂಕ್ ಬೆಳೆದಿತ್ತು. ಎಂಬತ್ತರ ದಶಕದ ನಡುವಿಗೆ ಬರುವ ಹೊತ್ತಿಗೆ ಅಂಥ ಜಾಗಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಆಗ ಹಣ ಹಾಕಿ, ಜನ ಕಟ್ಟಿ ನಿಂತವರಲ್ಲಿ ಮುಖ್ಯರಾದವರು ಟಿಮ್ ಯೊಹಾನನ್. 1945ರಲ್ಲಿ ಹುಟ್ಟಿದವರು. ಕ್ಲಬ್ ತೆರೆದಾಗ ನಲವತ್ತು ದಾಟಿತ್ತು, ಸುತ್ತಲಿನ ಹುಡುಗರಿಗೆಲ್ಲ ಅಪ್ಪನ ವಯಸ್ಸು. ‘ಮ್ಯಾಕ್ಸಿಮಮ್ ರಾಕ್‌ನ್‌ರೋಲ್’ ಎಂಬ ರೇಡಿಯೊ ಕಾರ್ಯಕ್ರಮವನ್ನು 1977ರಲ್ಲಿ, ಅದೇ ಹೆಸರಿನ ಪತ್ರಿಕೆಯನ್ನು 1982ರಲ್ಲಿ ಶುರು ಮಾಡಿದ್ದರು. ಪತ್ರಿಕೆ ಸಾದಾ ನ್ಯೂಸ್‌ಪ್ರಿಂಟಿನದು, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ದೊಡ್ಡ ರೆಕಾರ್ಡ್ ಕಂಪನಿಗಳ ಜಾಹೀರಾತು ಅದರಲ್ಲಿ ಬರುತ್ತಿರಲಿಲ್ಲ, ವಿಮರ್ಶೆಯೂ ಬರುತ್ತಿರಲಿಲ್ಲ. ಪತ್ರಿಕೆಯಿಂದ ಬಂದ ಹಣ ಇಂಥ ಕೆಲಸಗಳಿಗೆ ಹರಿಯುತ್ತಿತ್ತು.

ಆ ರೇಡಿಯೊ ಕಾರ್ಯಕ್ರಮ ಬರುತ್ತಿದ್ದದ್ದು ಬರ್ಕ್ಲಿಯ ಕೆಪಿಎಫ್‌ಎ ಎಂಬ ಕೇಂದ್ರದಿಂದ. ಜಾಹೀರಾತಿಲ್ಲದೆ, ಕೇಳುಗರ ಚಂದಾದಿಂದಲೇ ನಡೆಯುವ ಕೇಂದ್ರ. 1949ರಲ್ಲಿ ಆರಂಭವಾದದ್ದು. ಈ ಇಸವಿಯನ್ನು ಓದಿದಾಗ ನನಗೆ ನಮ್ಮೂರ ಪಕ್ಕದ ಹೆಗ್ಗೋಡು ನೆನಪಾಯಿತು. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದೂ 1949ರಲ್ಲೇ. ಒಂದಕ್ಕೊಂದು ಸಂಬಂಧವಿಲ್ಲ, ಗೊತ್ತು. ಆದರೆ ಅಡಿಕೆ ತೋಟಗಳ ನಡುವೆ ಊರವರೇ ಸೇರಿ ನಾಟಕ ಕಟ್ಟಿದ್ದನ್ನು ನೋಡುತ್ತ ಬೆಳೆದವನಿಗೆ, ಸಂಬಳವಿಲ್ಲದೆ ದುಡಿಯುವವರ ಮುಖ ಎಲ್ಲಿ ಕಂಡರೂ ಗುರುತು ಸಿಗುತ್ತದೆ. ಗಿಲ್ಮನ್ ಬೀದಿಯಲ್ಲಿ ಮೊದಲ ದಿನವೇ ನನಗೆ ಪರಕೀಯ ಅನ್ನಿಸದೇ ಇದ್ದದ್ದು ಅದಕ್ಕೇ ಇರಬೇಕು.

ಒಳಗೆ ಅದೊಂದು ಗೋದಾಮು, ಅಷ್ಟೇ. ಎತ್ತರವೇನೂ ಇಲ್ಲದ ವೇದಿಕೆ. ಹೊಟ್ಟೆಯ ಹತ್ತಿ ಹೊರಬಂದ ಸೋಫಾಗಳು. ಒಂದು ಕಡೆ ಬಾಸ್ಕೆಟ್‌ಬಾಲ್ ಬುಟ್ಟಿ; ಬ್ಯಾಂಡು ಬದಲಾಗುವ ಹೊತ್ತಿನಲ್ಲಿ ಹುಡುಗರು ಚೆಂಡೆಸೆದು ಆಡುತ್ತಿದ್ದರು. ಗೋಡೆ, ತೊಲೆ, ಪೈಪು, ಕಕ್ಕಸಿನ ಬಾಗಿಲು, ಬೆರಳಗಲ ಜಾಗ ಬಿಡದೆ ಬರಹ. ಒಂದರ ಮೇಲೊಂದು ಬರೆದು ಬರೆದು ಹತ್ತು ವರ್ಷದ ಹೆಸರುಗಳು ಪದರುಗಟ್ಟಿದ್ದವು. ನನ್ನ ಜೊತೆಗಾರ ಒಂದು ಮೂಲೆಗೆ ಕರೆದುಕೊಂಡು ಹೋಗಿ, ಬಣ್ಣದ ಅಡಿಯಲ್ಲಿ ಅರ್ಧ ಮುಚ್ಚಿಹೋಗಿದ್ದ ತನ್ನ ಹೆಸರನ್ನು ತೋರಿಸಿದ. ಹದಿನಾಲ್ಕು ವರ್ಷದವನಿದ್ದಾಗ ಬರೆದದ್ದು.

ಅವನು ಬಾಯಿ ಬಿಟ್ಟದ್ದು ಅವತ್ತೇ. ಐಸೊಕ್ರಸಿ ಎಂಬ ಬ್ಯಾಂಡಿತ್ತಂತೆ. ಅವರು ಹಾಡುತ್ತ ಹಾಡುತ್ತ ಮೂಟೆಗಟ್ಟಲೆ ಕಸವನ್ನು ವೇದಿಕೆಯಿಂದ ಜನರ ಮೇಲೆ ಎಸೆಯುತ್ತಿದ್ದರು. ಹಳೇ ಕಾಗದ, ಮುರಿದ ಆಟಿಕೆ, ಕೈಗೆ ಸಿಕ್ಕಿದ್ದು. ಜನ ಅದನ್ನು ವಾಪಸ್ ಎಸೆಯುತ್ತಿದ್ದರು. ‘ಆಮೇಲೆ ಗುಡಿಸುತ್ತಿದ್ದದ್ದೂ ನಾವೇ’ ಅಂದ. ಹೇಳುವಾಗ ಅವನ ಮುಖ ನೋಡಬೇಕಿತ್ತು, ಅಜ್ಜಿಮನೆಯ ಬೇಸಿಗೆ ರಜೆಯನ್ನು ನೆನೆಸಿಕೊಳ್ಳುವವನ ಹಾಗಿತ್ತು.

ಆಪರೇಷನ್ ಐವಿ ಎನ್ನುವಾಗ ಅವನ ದನಿಯೇ ಬದಲಾಯಿತು. 1952ರ ಅಮೆರಿಕದ ಅಣ್ವಸ್ತ್ರ ಪರೀಕ್ಷೆಗಳ ಗುಪ್ತನಾಮ ಅದು, ನಾಲ್ವರು ಹುಡುಗರು ಅದನ್ನು ತಮ್ಮ ಬ್ಯಾಂಡಿಗೆ ಇಟ್ಟುಕೊಂಡಿದ್ದರು. ಜಮೈಕಾದ ಸ್ಕಾ ತಾಳವನ್ನು ಪಂಕಿನ ವೇಗಕ್ಕೆ ಬೆಸೆದವರು. 1987ರಲ್ಲಿ ಸೇರಿದರು, 1989ರಲ್ಲಿ ಬೇರೆಯಾದರು. ‘ಎನರ್ಜಿ’ ಎಂಬ ಒಂದೇ ಒಂದು ಆಲ್ಬಂ. ಅದನ್ನು ಹೊರತಂದ ಲುಕೌಟ್ ರೆಕಾರ್ಡ್ಸ್ ಕೂಡ ಇದೇ ಗುಂಪಿನದು, ಲ್ಯಾರಿ ಲಿವರ್ಮೋರ್ ಮತ್ತು ಡೇವಿಡ್ ಹೇಯ್ಸ್ 1987ರಲ್ಲಿ ಕಟ್ಟಿದ್ದು. ಬ್ಯಾಂಡಿನ ಕೊನೆಯ ಶೋ 1989ರ ಮೇ 28ರಂದು ಇದೇ ಗೋಡೆಗಳ ಒಳಗೆ ನಡೆಯಿತು. ಅವತ್ತು ಅವನಿಗೆ ಹದಿನೇಳು. ಗೋಡೆ ಬೆವರಿ ನೀರು ಇಳಿಯುತ್ತಿತ್ತು, ಎಲ್ಲರಿಗೂ ಎಲ್ಲ ಹಾಡೂ ಬಾಯಿಪಾಠ, ಯಾರು ಹಾಡುತ್ತಿದ್ದಾರೆ ಎಂಬುದೇ ಗೊತ್ತಾಗುತ್ತಿರಲಿಲ್ಲ ಅಂದ. ಆಮೇಲೆ ಸುಮ್ಮನಾದ.

ಎಷ್ಟೊಂದು ಜನ ಅಲ್ಲಿಂದ ಎದ್ದು ಬಂದರು! ಕ್ರಿಂಪ್‌ಶ್ರೈನ್ ಬ್ಯಾಂಡಿನ ಡ್ರಮ್ಮರ್ ಆರನ್ ಕೊಮೆಟ್‌ಬಸ್, ತನ್ನ ‘ಕೊಮೆಟ್‌ಬಸ್’ ಪತ್ರಿಕೆಯನ್ನು ಕೈಯಕ್ಷರದಲ್ಲೇ ಬರೆದು ನಕಲು ತೆಗೆದು ಹಂಚುತ್ತಿದ್ದ. ಹುಡುಗಿಯರೇ ಕಟ್ಟಿದ ಸ್ಪಿಟ್‌ಬಾಯ್ ಇತ್ತು, ಸಿಡಿಲಿನಂಥ ನ್ಯೂರೋಸಿಸ್ ಇತ್ತು. ಕಡಲಾಚೆಯ ಊರುಗಳಿಗೂ ಇವರ ಹೆಸರು ಹೋದದ್ದು ಟಿವಿಯಿಂದಲ್ಲ, ಅಂಚೆಯಲ್ಲಿ ಹೋಗಿ ಬರುತ್ತಿದ್ದ ಕ್ಯಾಸೆಟ್ಟು ಮತ್ತು ಪತ್ರಿಕೆಗಳಿಂದ.

ವೇದಿಕೆಯ ಮುಂದಿನ ನುಗ್ಗಾಟಕ್ಕೆ ಪಿಟ್ ಅನ್ನುತ್ತಾರೆ. ದೂರದಿಂದ ನೋಡಿದರೆ ಜಗಳ ಬಿದ್ದಂತೆಯೇ ಕಾಣುತ್ತದೆ. ಮೊದಲ ರಾತ್ರಿ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡುತ್ತಿದ್ದೆ. ಹಾಡು ಇನ್ನೂ ನಡೆದಿತ್ತು, ಆ ಸುಳಿಯ ನಡುವಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಒಂದು ಕಪ್ಪು ಶೂ. ದಾಂಡಿಗನಂಥ ಹುಡುಗ, ತಲೆ ಬೋಳಿಸಿಕೊಂಡವನು, ಎಡಗೈಯಿಂದ ನೂಕುವವರನ್ನು ತಡೆಯುತ್ತ ಬಲಗೈಯಲ್ಲಿ ಆ ಶೂವನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದು ನಿಂತುಬಿಟ್ಟಿದ್ದ. ಸುತ್ತ ಅಷ್ಟು ಜನ ಡಿಕ್ಕಿ ಹೊಡೆಯುತ್ತಿದ್ದರೂ ಅವನು ಅಲ್ಲಾಡಲಿಲ್ಲ. ಅರ್ಧ ಹಾಡು ಕಳೆದ ಮೇಲೆ ಒಂದೇ ಕಾಲಿನಲ್ಲಿ ಕುಂಟುತ್ತ ಒಬ್ಬ ಸಣ್ಣ ಹುಡುಗಿ ಬಂದಳು. ಅವಳು ಬಗ್ಗಿ ಶೂ ಹಾಕಿಕೊಂಡು ಲೇಸ್ ಕಟ್ಟುವ ತನಕ ಮೂರು ನಾಲ್ಕು ಜನ ಹೊರಮುಖವಾಗಿ ಕೈಕೈ ಹಿಡಿದು ಅವಳ ಸುತ್ತ ಬೇಲಿಯಾದರು. ಲೇಸ್ ಕಟ್ಟಿಯಾಯಿತು. ಬೇಲಿ ಮುರಿಯಿತು. ಎಲ್ಲರೂ ಮತ್ತೆ ಸುಳಿಯೊಳಗೆ.

ಬಿದ್ದವರನ್ನು ಎತ್ತಬೇಕು ಎನ್ನುವುದು ಗೋಡೆಯ ಮೇಲೆ ಬರೆದ ನಿಯಮವಲ್ಲ. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದನ್ನೂ ನಾನು ನೋಡಲಿಲ್ಲ. ಹೊಸಬರು ಒಂದು ಸಲ ಬಿದ್ದು, ಯಾರದೋ ಕೈ ತೋಳಿನ ಕೆಳಗೆ ಬಂದು ಮೇಲೆತ್ತಿದ ಮೇಲೆ ತಾವೇ ಕಲಿಯುತ್ತಿದ್ದರು.

ಕ್ಲಬ್ಬಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿದವರು ಗ್ರೀನ್ ಡೇ. ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಮೈಕ್ ಡರ್ಂಟ್, ಬರ್ಕ್ಲಿಗೆ ಉತ್ತರದಲ್ಲಿ ಎಣ್ಣೆ ಶುದ್ಧೀಕರಣ ಘಟಕದ ವಾಸನೆಯಲ್ಲಿ ಬದುಕುವ ರೋಡಿಯೊ ಊರಿನ ಕಡೆಯ ಹುಡುಗರು. ಬಿಲ್ಲಿ ಜೋನ ಅಪ್ಪ ಲಾರಿ ಡ್ರೈವರ್, ಜೊತೆಗೆ ಜಾಜ್ ನುಡಿಸುತ್ತಿದ್ದವರು; ಮಗನಿಗೆ ಹತ್ತು ವರ್ಷವಿದ್ದಾಗ ತೀರಿಕೊಂಡರು. ತಾಯಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಅಂಥ ಮನೆಯ ಹದಿಹರೆಯದವರಿಗೆ ಗಿಲ್ಮನ್ ಎರಡನೇ ಮನೆಯಾಯಿತು. ಮೊದಲ ಎರಡು ಆಲ್ಬಂಗಳು ಲುಕೌಟ್‌ನಿಂದಲೇ ಬಂದವು. ಆಮೇಲೆ ವಾರ್ನರ್ ಬಳಗದ ರಿಪ್ರೈಸ್ ಕಂಪನಿಗೆ ಸಹಿ ಹಾಕಿದರು. 1994ರ ಫೆಬ್ರುವರಿಯಲ್ಲಿ ಬಂದ ‘ಡೂಕಿ’ ಅಮೆರಿಕ ಒಂದರಲ್ಲೇ ಕೋಟಿ ಪ್ರತಿ ಮಾರಾಟವಾಯಿತು.

ಕ್ಲಬ್ಬಿನಲ್ಲಿ ಒಂದು ಕಟ್ಟುಪಾಡಿತ್ತು: ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಅಲ್ಲಿ ವೇದಿಕೆಯಿಲ್ಲ. ಅದು ಗ್ರೀನ್ ಡೇಗೂ ಅನ್ವಯಿಸಿತು. ಬೆಳೆದ ಮನೆಯ ಬಾಗಿಲು ಅವರಿಗೆ ಮುಚ್ಚಿತು. 1995ರ ‘ಇನ್ಸಾಮ್ನಿಯಾಕ್’ ಆಲ್ಬಮ್ಮಿನಲ್ಲಿ ‘86’ ಎಂಬ ಹಾಡಿದೆ. ಬಾರು, ಹೋಟೆಲುಗಳಲ್ಲಿ ಒಬ್ಬರನ್ನು ಒಳಗೆ ಬಿಡಬೇಡಿ ಎನ್ನಲು ಅಮೆರಿಕನ್ನರು ಬಳಸುವ ಸಂಖ್ಯೆ ಅದು. ಆ ಹಾಡು ಇದೇ ಮುಚ್ಚಿದ ಬಾಗಿಲಿನ ಬಗ್ಗೆ. ಆಪರೇಷನ್ ಐವಿಯ ಇಬ್ಬರು ಕಟ್ಟಿದ ರ್‍ಯಾನ್ಸಿಡ್ ಬ್ಯಾಂಡಿನ ಹಿಂದೆಯೂ ದೊಡ್ಡ ಕಂಪನಿಗಳು ಬಿದ್ದಿದ್ದವು. ಅವರು ಎಪಿಟಾಫ್ ಎಂಬ ಸ್ವತಂತ್ರ ಕಂಪನಿಯಲ್ಲೇ ಉಳಿದರು. ಗಿಲ್ಮನ್‌ನಲ್ಲಿ ಆ ದಿನಗಳಲ್ಲಿ ಈ ಎರಡು ಹೆಸರುಗಳನ್ನು ಎದುರು ಬದುರು ಇಟ್ಟು ಗಂಟೆಗಟ್ಟಲೆ ವಾದ ನಡೆಯುತ್ತಿತ್ತು.

ನನ್ನ ಮನಸ್ಸು ಆ ನಿಯಮದ ಪರ. ಕೋಟಿ ಆಲ್ಬಂ ಮಾರುವ ಬ್ಯಾಂಡು ಒಂದು ರಾತ್ರಿ ಅಲ್ಲಿ ನುಡಿಸಿದ್ದರೆ ಕ್ಲಬ್ಬಿನ ವರ್ಷದ ಬಾಡಿಗೆ ಹುಟ್ಟುತ್ತಿತ್ತು, ನಿಜ. ಆದರೆ ಮುಂದಿನ ಶನಿವಾರ ಮೊದಲ ಬಾರಿ ವೇದಿಕೆ ಹತ್ತುವ ಮೂವರು ಹದಿನೈದರ ಹುಡುಗಿಯರಿಗಾಗಿ ಯಾರು ಬರುತ್ತಿದ್ದರು? ಆ ಹುಡುಗಿಯರಿಗಾಗಿಯೇ ಅಲ್ಲವೇ ಗೋದಾಮು ಬಾಡಿಗೆಗೆ ಹಿಡಿದದ್ದು? ಗ್ರೀನ್ ಡೇ ಹುಡುಗರು ಮೋಸ ಮಾಡಿದರು ಎಂದು ಮಾತ್ರ ನಾನು ಒಪ್ಪಲಾರೆ. ಬಡತನದಲ್ಲಿ ಬೆಳೆದವರು ತಮ್ಮ ಹಾಡಿನಿಂದ ಊಟ ಮಾಡಲು ಹೊರಟರೆ ಅದಕ್ಕೆ ದ್ರೋಹ ಎನ್ನಬಾರದು. ಎರಡು ಸರಿಗಳ ನಡುವೆ ಒಂದು ಬಾಗಿಲು ಮುಚ್ಚಿಕೊಂಡಿತು. 2015ರ ಮೇ 17ರಂದು ಅವರು ಮತ್ತೆ ಆ ವೇದಿಕೆ ಹತ್ತಿದರು. ಓಕ್ಲೆಂಡಿನ ಎಕೆ ಪ್ರೆಸ್ ಎಂಬ ಪ್ರಕಾಶನ ಬೆಂಕಿಗೆ ಸಿಕ್ಕಿ ನಷ್ಟವಾಗಿತ್ತು, ಅದರ ಸಹಾಯಾರ್ಥ ನಡೆದ ಶೋ. ನಾನು ಆಗ ಬೆಂಗಳೂರಿನಲ್ಲಿದ್ದೆ. ಹಳೆಯ ಜೊತೆಗಾರ ಒಂದೇ ಸಾಲಿನ ಮೇಲ್ ಕಳಿಸಿದ್ದ: ಹುಡುಗರು ಮನೆಗೆ ಬಂದರು.

ಆದರೆ ‘ಮಾರಿಕೊಂಡವರು’ ಎಂಬ ಬೈಗುಳ ಅಲ್ಲಿ ರಕ್ತವನ್ನೂ ಹರಿಸಿತ್ತು, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. 1994ರಲ್ಲಿ, ಡೆಡ್ ಕೆನಡೀಸ್ ಬ್ಯಾಂಡಿನ ಗಾಯಕ ಜೆಲ್ಲೊ ಬಿಯಾಫ್ರಾ ಪ್ರೇಕ್ಷಕನಾಗಿ ಬಂದಿದ್ದಾಗ, ಅದೇ ಬೈಗುಳ ಕೂಗುತ್ತ ಕೆಲವರು ಅವರನ್ನು ಕೆಡವಿ ಹೊಡೆದರು. ಕಾಲಿಗೆ ತೀವ್ರ ಪೆಟ್ಟಾಯಿತು. ದೊಡ್ಡ ಕಂಪನಿಗಳಿಗೆ ಜೀವಮಾನವಿಡೀ ಬೆನ್ನು ತಿರುಗಿಸಿದ ಮನುಷ್ಯ ಅವರು. ಹೊಡೆದಾಟವಿಲ್ಲ ಎಂದು ಬರೆದ ಗೋಡೆಯ ಒಳಗೇ ಅದು ನಡೆಯಿತು. ಶುರುವಿನ ವರ್ಷಗಳಲ್ಲಿ ನಾಜಿ ಸ್ಕಿನ್‌ಹೆಡ್ ಗುಂಪುಗಳು ನುಗ್ಗಲು ಬಂದಾಗ ಇಡೀ ಕ್ಲಬ್ಬು ಒಟ್ಟಾಗಿ ಬೀದಿಗಿಳಿದು ಅವರನ್ನು ಹಿಂದಕ್ಕಟ್ಟಿತ್ತು. ಹೊರಗಿನವರು ಬಂದಾಗ ಗುರುತು ಹಿಡಿಯುವುದು ಸುಲಭ. ಒಳಗಿನವರೇ ಒಳಗಿನವರನ್ನು ಶುದ್ಧಿ ಪರೀಕ್ಷೆಗೆ ಹಚ್ಚಿದರೆ ಕೈಕೈ ಹಿಡಿದು ಬೇಲಿ ಕಟ್ಟುವುದು ಯಾರ ಸುತ್ತ? ನನ್ನ ಜೊತೆಗಾರ ಆ ಘಟನೆಯಾದ ಮೇಲೆ ಮೂರು ವರ್ಷ ಅತ್ತ ತಲೆ ಹಾಕಿರಲಿಲ್ಲ. ನನ್ನನ್ನು ಕರೆದುಕೊಂಡು ಹೋದದ್ದು ತಾನೂ ಮರಳಿ ಹೋಗುವುದಕ್ಕೆ ಒಂದು ನೆಪ ಬೇಕಿತ್ತು ಎಂದೇ ಅಂತೆ, ಅದನ್ನು ಬಹಳ ದಿನಗಳ ಮೇಲೆ ಹೇಳಿದ.

ಮೂರನೆಯದೋ ನಾಲ್ಕನೆಯದೋ ಶನಿವಾರ, ಶೋ ಮುಗಿದು ಹೊರಡುವಾಗ ಯಾರೋ ನನ್ನ ಕೈಗೆ ಉದ್ದ ಹಿಡಿಯ ಪೊರಕೆ ಕೊಟ್ಟರು. ಕೇಳಲಿಲ್ಲ, ಹೇಳಲಿಲ್ಲ, ಕೊಟ್ಟರು ಅಷ್ಟೇ. ದೀಪಗಳೆಲ್ಲ ಹತ್ತಿಕೊಂಡಾಗ ಆ ಜಾಗ ಬೇರೆಯೇ. ಹೊಗೆಬಣ್ಣದ ನೆಲ, ಬೆವರಿನ ಹುಳಿ ವಾಸನೆ. ಗುಡಿಸಿದಂತೆ ಸಿಕ್ಕಿದ್ದು: ಡ್ರಮ್ ಕಡ್ಡಿಯ ಚಕ್ಕೆಗಳು, ಕಿತ್ತ ಗಿಟಾರ್ ತಂತಿ, ಕಿವಿಗೆ ತುರುಕಿಕೊಳ್ಳುವ ಹಳದಿ ಸ್ಪಂಜಿನ ತುಂಡುಗಳು, ಒಂದೇ ಒಂದು ಕಿವಿಯೋಲೆ, ಮುಂದಿನ ವಾರದ ಶೋಗಳ ಜೆರಾಕ್ಸ್ ಚೀಟಿಗಳು. ಆ ಚೀಟಿಗಳನ್ನು ಬಿಡಿಸಿ, ಅಂಗಾಲಿನ ಗುರುತು ಒರೆಸಿ, ಚೆನ್ನಾಗಿದ್ದವನ್ನು ಮತ್ತೆ ಮೇಜಿನ ಮೇಲೆ ಜೋಡಿಸುತ್ತಿದ್ದರು. ಕಾಗದಕ್ಕೂ ದುಡ್ಡು ಕೊಡಬೇಕಲ್ಲ. ಸ್ವಲ್ಪ ಹೊತ್ತಿನ ಮೊದಲು ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಕೂಗಿದ ಗಾಯಕಿ ಮೊರ ಹಿಡಿದು ನನ್ನ ಮುಂದೆ ಕೂತಳು. ನಾನು ಗುಡಿಸಿ ಕೊಟ್ಟೆ, ಅವಳು ತುಂಬಿಕೊಂಡಳು. ಅವಳ ದನಿ ಪೂರ್ತಿ ಬಿದ್ದುಹೋಗಿತ್ತು. ನಾವು ಕೈಸನ್ನೆಯಲ್ಲೇ ಮಾತಾಡಿದೆವು. ಎರಡು ವರ್ಷ, ಊರಲ್ಲಿದ್ದ ಶನಿವಾರಗಳೆಲ್ಲ, ಆ ಪೊರಕೆ ನನ್ನದಾಯಿತು. ಯಾವ ಬ್ಯಾಂಡು ಏನು ನುಡಿಸಿತು ಎನ್ನುವುದು ಈಗ ಕಲಸಿಹೋಗಿದೆ. ಆ ನೆಲದ ಒರಟು, ಯಾವ ಮೂಲೆಯಲ್ಲಿ ಕಸ ಸಿಕ್ಕಿಕೊಳ್ಳುತ್ತದೆ ಎಂಬುದು ಕೈಗೆ ಇನ್ನೂ ನೆನಪಿದೆ.

ಟಿಮ್ ಯೊಹಾನನ್ 1988ರಲ್ಲೇ ಕ್ಲಬ್ಬಿನ ಹೊಣೆಯಿಂದ ಹಿಂದೆ ಸರಿದಿದ್ದರು. ಬಾಗಿಲು ಮುಚ್ಚಿತ್ತು. ಆಗ ಅಲ್ಲಿಗೆ ಬರುತ್ತಿದ್ದ ಹುಡುಗರೇ ಸೇರಿ ಮತ್ತೆ ತೆರೆದರು, ಆಮೇಲಿನ ಗಿಲ್ಮನ್ ಪೂರ್ತಿ ಅವರದ್ದು. 1998ರ ಏಪ್ರಿಲ್ 3ರಂದು ಟಿಮ್ ಕ್ಯಾನ್ಸರಿನಿಂದ ತೀರಿಕೊಂಡರು. ಸುದ್ದಿ ಬಂದ ವಾರಗಳಲ್ಲಿ ನಾನು ಒಂದು ಸದಸ್ಯರ ಸಭೆಗೆ ಹೋಗಿದ್ದೆ. ತಿಂಗಳಿಗೆ ಎರಡು ಶನಿವಾರ ಸಂಜೆ, ಶೋ ಶುರುವಾಗುವ ಮುಂಚೆ, ಸೋಫಾಗಳನ್ನು ಎಳೆದು ವೃತ್ತವಾಗಿ ಹಾಕಿ ನಡೆಸುತ್ತಿದ್ದ ಸಭೆ. ಎರಡು ಡಾಲರಿನ ಕಾರ್ಡಿದ್ದ ಯಾರು ಬೇಕಾದರೂ ಕೂರಬಹುದು, ಕೈಯೆತ್ತಬಹುದು. ಹದಿನಾಲ್ಕು ವರ್ಷದವರ ಮತಕ್ಕೂ ನಲವತ್ತರವರ ಮತಕ್ಕೂ ಒಂದೇ ಬೆಲೆ.

ಟಿಮ್ ಬಗ್ಗೆ ಇಬ್ಬರು ಮೂವರು ಮಾತಾಡಿದರು. ಒಬ್ಬ ಹೆಂಗಸು ಮಾತು ಮುಗಿಸಲಾರದೆ ಕೂತಳು. ಆಮೇಲೆ ಅಂದಿನ ಪಟ್ಟಿಯಲ್ಲಿದ್ದ ಮೊದಲ ವಿಷಯಕ್ಕೆ ಬಂದರು: ಕಕ್ಕಸಿನ ಬಾಗಿಲು ಕಳಚಿ ಬಿದ್ದು ಎರಡು ವಾರವಾಗಿದೆ, ಹುಡುಗಿಯರಿಗೆ ತೊಂದರೆ. ಹೊಸ ಬಾಗಿಲಿಗೆ ಎಷ್ಟಾಗುತ್ತದೆ, ಹಳೆಯದನ್ನೇ ಕೂರಿಸಬಹುದೇ, ಮರ ಕೊಳೆತಿದೆಯೇ, ಕೀಲು ಮಾತ್ರ ಹೋಗಿದೆಯೇ, ಸುಮಾರು ಮುಕ್ಕಾಲು ಗಂಟೆ ಚರ್ಚೆ. ಯಾರೂ ಬೇಸರಿಸಲಿಲ್ಲ. ಕೊನೆಗೆ ವೃತ್ತದ ಹೊರಗೆ ಬಾಸ್ಕೆಟ್‌ಬಾಲ್ ಮೇಲೆ ಕೂತಿದ್ದ ಒಬ್ಬ ಹುಡುಗ ಕೈಯೆತ್ತಿದ. ಮೀಸೆ ಇನ್ನೂ ಮೂಡಿರಲಿಲ್ಲ. ಅಪ್ಪ ಬಡಗಿ, ಮನೆಯಲ್ಲಿ ಕೀಲುಗಳಿವೆ, ಸ್ಕ್ರೂಡ್ರೈವರೂ ಇದೆ, ಮುಂದಿನ ಶನಿವಾರ ನಾಲ್ಕು ಗಂಟೆಗೆ ಬರುತ್ತೇನೆ, ಆದರೆ ಬಾಗಿಲು ಎತ್ತಿ ಹಿಡಿಯಲು ಒಬ್ಬರು ಬೇಕು, ಅಂದ.

ನಾನು ಕೈಯೆತ್ತಿದೆ. ಬರೆದುಕೊಳ್ಳುತ್ತಿದ್ದವಳು ನನ್ನ ಹೆಸರಿನ ಕಾಗುಣಿತ ಕೇಳಿದಳು.